ಶನಿವಾರ ಖಾಲಿ ಮಾಡುವ ಕೋಣೆ

ಹೋದ ತಿಂಗಳು ಇಲಾಖೆಯ ತರಬೇತಿಗೆಂದು ಮೂಡಿಗೆರೆಗೆ ಹೋಗಿದ್ದೆ. ಉಳಿದುಕೊಳ್ಳಲು ಕೊಟ್ಟ ಲಾಡ್ಜಿನ ಕೋಣೆಯಲ್ಲಿ ಹೊದಿಕೆ ಎಳೆದುಕೊಂಡರೆ ಸೌದೆ ಹೊಗೆಯ ವಾಸನೆ. ಕೆಲವು ದಿನಗಳಿಂದ ಬಿಸಿಲಿರಲಿಲ್ಲ, ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ್ದಾರೆ ಎಂದು ಕೂಡಲೇ ಗೊತ್ತಾಯಿತು. ಜೊತೆಗಿದ್ದ ಸಹೋದ್ಯೋಗಿ ಮೂಗು ಮುರಿದು, ಕೆಳಗೆ ಹೋಗಿ ಜಗಳವಾಡಿ ಬೇರೆ ಹೊದಿಕೆ ತಂದಳು. ನಾನು ಬದಲಾಯಿಸಲಿಲ್ಲ. ಮೂಗಿನ ತನಕ ಎಳೆದುಕೊಂಡು ಮಲಗಿದೆ. ಮೊದಲು ಹೊಗೆ, ಅದರ ಹಿಂದೆಯೇ ಬಟ್ಟೆಗೆ ಹಾಕುವ ಅಗ್ಗದ ಮಲ್ಲಿಗೆ ಪರಿಮಳ… ಅತ್ತಿಗುಂಡಿಯಲ್ಲಿ ನನಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಹೆಂಗಸು ಪಕ್ಕದಲ್ಲೇ ಬಂದು ಕೂತ ಹಾಗಾಯಿತು.

ಅವರನ್ನು ನಾನು ಓನರಮ್ಮ ಎಂದು ಕರೆಯುತ್ತಿದ್ದೆ. ಮೊದಮೊದಲು ಅದು ಅವರಿಗೆ ಸರಿ ಬರುತ್ತಿರಲಿಲ್ಲ. ಹುಡುಗಿಯಾಗಿದ್ದಾಗಿನಿಂದ ಕಾಫಿ ತೋಟದಲ್ಲಿ ಕೂಲಿ ಮಾಡಿದವರು. ಓನರ್ ಅಂದರೆ ಜೀಪಿನಿಂದ ಇಳಿಯುವವರು, ನಾನು ಕುಕ್ಕೆ ಹೊತ್ತವಳು, ನನ್ನನ್ನು ಹಾಗೆಲ್ಲ ಕರೆದು ಪಾಪ ಕಟ್ಟಿಕೊಳ್ಳಬೇಡಿ ಎನ್ನುತ್ತಿದ್ದರು. ಆದರೆ ಸ್ವಲ್ಪ ದಿನಕ್ಕೆ, ಯಾರೋ ರೂಮು ಕೇಳಿ ಫೋನ್ ಮಾಡಿದಾಗ, ಇವರು ಸೆರಗು ಸರಿಮಾಡಿಕೊಂಡು ಗಂಟಲು ಸರಿಮಾಡಿಕೊಂಡು, “ಹಲೋ, ನಾನು ಓನರ್ ಮಾತಾಡೋದು” ಎಂದದ್ದನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡೆ. ಆಮೇಲೆ ಆ ಹೆಸರು ನಿಂತುಬಿಟ್ಟಿತು. ಅವರು ನನ್ನನ್ನು ಸಿಸ್ಟರಮ್ಮ ಎನ್ನುತ್ತಿದ್ದರು.

ನಾನು ಹಿರಿಯೂರು ಕಡೆಯವಳು. ಮದುವೆಯಾಗಿ ಸ್ವಲ್ಪ ಕಾಲದಲ್ಲೇ ಅದನ್ನು ಬಿಟ್ಟು ಬಂದು, ಅಣ್ಣನ ಮನೆಯಲ್ಲಿ ಎಲ್ಲರಿಗೂ ಅಡ್ಡಡ್ಡ ಬರುತ್ತಾ ನರ್ಸಿಂಗ್ ಮುಗಿಸಿ, ಕೊನೆಗೆ ಸಿಕ್ಕ ಕೆಲಸಕ್ಕೆ ಬೆಟ್ಟ ಹತ್ತಿ ಬಂದಿದ್ದೆ. ಕೆಲಸ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ. ಕೆಲಸವೇನೋ ಸಿಕ್ಕಿತು, ತಲೆ ಮೇಲೊಂದು ಸೂರು ಸಿಗಲಿಲ್ಲ. ಮನೆಗಳಿಗೇನೂ ಬರವಿರಲಿಲ್ಲ. ರಸ್ತೆಯ ಎರಡೂ ಕಡೆ ಹೋಮ್‌ಸ್ಟೇ, ವ್ಯೂ ಪಾಯಿಂಟ್ ರೂಮ್ಸ್, ಬಿಸಿನೀರು ಉಂಟು ಎಂಬ ಬೋರ್ಡುಗಳು. ಎರಡು ದಿನಕ್ಕೆ ಬರುವವರಿಗೆ ಎಲ್ಲ ಬಾಗಿಲೂ ತೆರೆದಿತ್ತು, ವರ್ಷಗಟ್ಟಲೆ ಇರುತ್ತೇನೆ ಅನ್ನುವವಳಿಗೆ ಒಂದೂ ಇರಲಿಲ್ಲ. ಬೆಂಗಳೂರಿನಿಂದ ಬಂದ ಕಾರೊಂದು ಎರಡು ದಿನ ನಿಂತರೆ ನನ್ನ ತಿಂಗಳ ಬಾಡಿಗೆಗಿಂತ ಹೆಚ್ಚು ಬರುವಾಗ, ಸಿಸ್ಟರ್ ಮೇಲೆ ಎಷ್ಟೇ ಗೌರವವಿದ್ದರೂ ಯಾರು ತಾನೇ ಮನೆ ಕೊಟ್ಟಾರು? ಕೆಲವು ತಿಂಗಳು ಚಿಕ್ಕಮಗಳೂರಿನ ಹಾಸ್ಟೆಲ್‌ನಿಂದ ಬಸ್ಸಿನಲ್ಲಿ ಓಡಾಡಿದೆ. ರಜೆ ದಿನಗಳಲ್ಲಿ ಬೆಟ್ಟದ ರಸ್ತೆ ತುಂಬ ಕಾರುಗಳು ಸಿಕ್ಕಿಹಾಕಿಕೊಂಡು, ಬಸ್ಸಿನಲ್ಲೇ ಕೂತು ಕೂತು ನನ್ನ ಸಿಟ್ಟು ನೆತ್ತಿಗೇರುತ್ತಿತ್ತು.

ಓನರಮ್ಮ ಬಿ.ಪಿ. ನೋಡಿಸಿಕೊಳ್ಳಲು ಕೇಂದ್ರಕ್ಕೆ ಬರುತ್ತಿದ್ದರು. ಒಂದು ದಿನ ತೋಳಿಗೆ ಪಟ್ಟಿ ಸುತ್ತಿಸಿಕೊಂಡು ಕೂತವರು, ನಾನು ಮನೆ ಹುಡುಕಿದ ಪುರಾಣವನ್ನೆಲ್ಲ ಕೇಳಿ ಹೇಳಿದರು.

“ನನ್ನ ಹತ್ರ ಒಂದು ಮುಂದಿನ ಕೋಣೆ ಉಂಟು. ಆದ್ರೆ ಶನಿವಾರ ಮಧ್ಯಾಹ್ನ ಖಾಲಿ ಮಾಡ್ಬೇಕು. ಭಾನುವಾರ ಸಂಜೆ ವಾಪಸ್ ಬರಬೋದು. ಆಗ್ತದಾ?”

ಅದೇನು ಮನೆಯೋ ಬಸ್‌ಸ್ಟ್ಯಾಂಡೋ ಎಂದು ನಾನು ರೇಗಿದೆ. ಶನಿವಾರ ಖಾಲಿ ಮಾಡಿ ಎಲ್ಲಿಗೆ ಹೋಗಲಿ, ಮರದ ಕೆಳಗೆ ಕೂರಲೇ ಎಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ.

“ಎಲ್ಲಿಗೂ ಹೋಗೋದು ಬೇಡ. ಹಿಂದೆ ನನ್ನ ಒಲೆ ಕೋಣೆ ಉಂಟಲ್ಲ. ನಾನೂ ಅಲ್ಲೇ ಮಲಗೋದು. ಬನ್ನಿ.”

ಹೀಗೆ ಆ ಮನೆಗೆ ಸೇರಿದೆ. ಮನೆಯೆಂದರೆ ಮುಂದೆ ಎರಡು ತಾರಸಿ ಕೋಣೆ, ನಡುವೆ ಒಂದು ಸಣ್ಣ ಪಡಸಾಲೆ, ಹಿಂದೆ ಹಳೆಯ ಹಂಚಿನ ಒಲೆ ಕೋಣೆ. ಒಲೆ ಕೋಣೆ ಮೊದಲಿನದು, ಗಂಡ ಇದ್ದಾಗ ಇಬ್ಬರೂ ಸೇರಿ ಕಟ್ಟಿಕೊಂಡದ್ದು. ತಾರಸಿ ಭಾಗ ಆಮೇಲೆ, ತೋಟದ ಕೆಲಸ ಬಿಟ್ಟಾಗ ಕೈಗೆ ಬಂದದ್ದರಲ್ಲಿ ಓನರಮ್ಮ ಒಬ್ಬರೇ ನಿಂತು ಕಟ್ಟಿಸಿದ್ದು. ಒಬ್ಬಳೇ ಮಗಳನ್ನು ಆಲ್ದೂರಿಗೆ ಕೊಟ್ಟಿದ್ದರು. ಅಳಿಯನಿಗೆ ಅಲ್ಲಿ ಮೊಬೈಲ್ ಅಂಗಡಿ. ಮನೆಯ ಫೋಟೋಗಳನ್ನು ಫೋನಿಗೆ ಹಾಕಿ ಅತಿಥಿಗಳನ್ನು ಹಿಡಿದುಕೊಡುತ್ತಿದ್ದವನು ಅವನೇ. ಶುಕ್ರವಾರ ಸಂಜೆ ಅವನ ಫೋನು ಬಂತೆಂದರೆ ಓನರಮ್ಮ ಕೋಳಿಗೆ ಹೇಳಿಕಳಿಸುತ್ತಿದ್ದರು.

ಅಳಿಯನದ್ದು ಒಂದೇ ಕಟ್ಟಪ್ಪಣೆ, ಕೋಣೆಯಲ್ಲಿ ಯಾರೋ ವಾಸವಿದ್ದಾರೆ ಅಂತ ಬಂದವರಿಗೆ ಗೊತ್ತಾಗಬಾರದು. ಹಾಗಾಗಿ ಶನಿವಾರ ಊಟದ ಹೊತ್ತಿಗೆ ನಾನು ಬಂದ ಕೂಡಲೇ ಕೆಲಸ ಶುರು. ಹಾಸಿಗೆ ಸುತ್ತುವುದು, ಟ್ರಂಕಿನ ಒಂದು ಕಿವಿ ಅವರು ಒಂದು ಕಿವಿ ನಾನು ಹಿಡಿದು ಹಿಂದಕ್ಕೆ ಸಾಗಿಸುವುದು, ಗ್ಯಾಸ್ ಒಲೆ, ಬಕೆಟ್ಟು, ದೇವರ ಪಟ, ಕ್ಯಾಲೆಂಡರು, ಕೊನೆಗೆ ಕನ್ನಡಿಗೆ ಅಂಟಿಸಿದ ನನ್ನ ಬೊಟ್ಟುಗಳನ್ನು ಸಹ ಉಗುರಿನಿಂದ ಕೀಳುವುದು. ಒಮ್ಮೆ ಬಾಗಿಲ ಹಿಂದೆ ಬಿ.ಪಿ. ಯಂತ್ರ ಮರೆತುಹೋಗಿ, ಬಂದವರು ಇಲ್ಲಿ ಯಾರೋ ರೋಗಿ ಇದ್ದರಾ ಎಂದು ಹೆದರಿ ಬೇರೆ ಕೋಣೆ ಕೇಳಿದರು. ನನ್ನ ಬದುಕಿನ ಗುರುತೆಲ್ಲ ಒಂದು ಗಂಟೆಯಲ್ಲಿ ಅಳಿಸಿಹೋಗುವುದನ್ನು ಮೊದಲ ವಾರ ನೋಡುತ್ತಾ ನಿಂತವಳಿಗೆ ಅಳುವೇ ಬಂದಿತ್ತು.

ಓನರಮ್ಮನಿಗೆ ಮಾತ್ರ ಅದೊಂದು ಹಬ್ಬ. ಯಾವುದೋ ವೀಡಿಯೋ ನೋಡಿ ಟವೆಲ್‌ನಲ್ಲಿ ಹಂಸ ಮಾಡುವುದನ್ನು ಕಲಿಯಲು ಹೊರಟಿದ್ದರು. ಹಾಸಿಗೆಯ ಮೇಲೆ ಅದನ್ನು ಕೂರಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು, ಹೆಂಗುಂಟು ಎನ್ನುತ್ತಿದ್ದರು. ಕಾವಿಗೆ ಕೂತ ಕೋಳಿ ಹಾಗಿದೆ ಎಂದರೆ, ನಿಮಗೆ ಹೊಟ್ಟೆಕಿಚ್ಚು ಎಂದು ಮತ್ತೆ ಬಿಚ್ಚಿ ಮಡಚುತ್ತಿದ್ದರು. ಕತ್ತು ಒಮ್ಮೆಯೂ ನೆಟ್ಟಗೆ ನಿಂತದ್ದಿಲ್ಲ. ಅತಿಥಿಗಳು ಹೋದ ಮೇಲೆ ನೋಡಿದರೆ ಅದು ಮಂಚದ ಕೆಳಗೆ ಬಿದ್ದಿರುತ್ತಿತ್ತು, ಇವರು ಕೊಡವಿ ಒಗೆಯಲು ಹಾಕುತ್ತಿದ್ದರು.

ಸೋಮವಾರದಿಂದ ಶುಕ್ರವಾರದವರೆಗೆ ನಾವು ಬೇರೆಯೇ ಜನ. ಬಾಡಿಗೆಗೆ ಕೊಟ್ಟ ಮೇಲೆ ಕೋಣೆ ಅವರದ್ದಲ್ಲ ಎಂಬುದು ಅವರ ಲೆಕ್ಕ. ತೋಟದ ಬಂಗಲೆಯ ಹೊಸ್ತಿಲು ದಾಟದೆ ಕಳೆದ ಆಯುಷ್ಯ ಅವರದ್ದು, ಆ ಅಭ್ಯಾಸ ಸ್ವಂತ ಮನೆಯಲ್ಲೂ ಬಿಟ್ಟಿರಲಿಲ್ಲ. ನನ್ನ ಬಾಗಿಲು ತೆರೆದೇ ಇದ್ದರೂ ಹೊರಗೆ ನಿಂತು, ಸಿಸ್ಟರಮ್ಮ ಒಳಗಿದ್ದೀರಾ ಎಂದು ಕೇಳಿ, ಕೊಡುವುದನ್ನು ಹೊಸ್ತಿಲ ಈಚೆಯಿಂದಲೇ ಕೊಟ್ಟು ಹೋಗುತ್ತಿದ್ದರು. ಒಳಗೆ ಬನ್ನಿ ಎಂದರೆ, ಇಲ್ಲ, ನೀವು ಆರಾಮ ಮಾಡಿ ಎನ್ನುತ್ತಿದ್ದರು. ನಾನೂ ಕರೆಯದೆ ಇನ್ನೊಬ್ಬರ ಅಡುಗೆ ಮನೆಗೆ ನುಗ್ಗುವವಳಲ್ಲ. ಅಣ್ಣನ ಮನೆಯಲ್ಲಿ ಅದರ ಪಾಠ ಚೆನ್ನಾಗಿ ಆಗಿತ್ತು. ಅವರದ್ದು ಅವರ ಒಲೆಯಲ್ಲಿ, ನನ್ನದು ನನ್ನ ಗ್ಯಾಸಿನಲ್ಲಿ. ಸಂಜೆಯಾದರೆ ಮಂಜು ಬಂದು ಎದುರಿನ ಸಿಲ್ವರ್ ಓಕ್ ಮರಗಳೂ ಕಾಣುತ್ತಿರಲಿಲ್ಲ, ಫೋನಿಗೆ ಎಷ್ಟೋ ದಿನ ಸಿಗ್ನಲ್ ಇರುತ್ತಿರಲಿಲ್ಲ, ಇದ್ದರೂ ನನಗೆ ಮಾಡುವವರು ಯಾರು? ಬೆಳಗಿನ ಅನ್ನಕ್ಕೆ ಒಗ್ಗರಣೆ ಹಾಕಿಕೊಂಡು ತಟ್ಟೆ ಮುಂದೆ ಕೂತರೆ, ಅಗಿಯುವ ಸದ್ದು ನನಗೇ ಕೇಳುತ್ತಿತ್ತು.

ಶನಿವಾರ ಆ ಹೊಸ್ತಿಲು ಇರುತ್ತಿರಲಿಲ್ಲ. ಒಲೆ ಕೋಣೆ ಅವರದ್ದು, ನಾನು ಅವರ ಹತ್ತಿರ ಬಂದವಳು. ಅಲ್ಲಿಗೆ ಬಂದರೆ ಸಿಸ್ಟರಮ್ಮ ಹೋಗಿ ಮಾರಾಯ್ತಿ ಬರುತ್ತಿತ್ತು. ಈರುಳ್ಳಿ ಹೆಚ್ಚು ಮಾರಾಯ್ತಿ, ಅಷ್ಟು ದಪ್ಪ ಅಲ್ಲ, ನಿನಗೆ ಯಾರು ಅಡುಗೆ ಕಲಿಸಿದ್ದು… ನಾನು ಅಕ್ಕಿ ರೊಟ್ಟಿ ತಟ್ಟುತ್ತಿದ್ದೆ, ಅವರು ಕೋಳಿ ಸಾರು ಕುದಿಸುತ್ತಿದ್ದರು. ಮುಂದಿನಿಂದ ಬಿಸಿನೀರು, ಎಕ್ಸ್‌ಟ್ರಾ ಪ್ಲೇಟು, ವೈಫೈ ಪಾಸ್‌ವರ್ಡು ಎಂದು ಕೂಗು ಬರುತ್ತಲೇ ಇರುತ್ತಿತ್ತು. ವೈಫೈ ಇರಲೇ ಇಲ್ಲ. ಇವರು ಪ್ರತಿ ಸಲವೂ, ಮಂಜು ಜಾಸ್ತಿ ಅಲ್ವಾ, ಹಂಗಾಗಿ ಬರ್ತಿಲ್ಲ ಎಂದು ಮುಖ ಗಂಭೀರ ಮಾಡಿಕೊಂಡು ಹೇಳಿ ಒಳಗೆ ಬಂದು ನನ್ನ ಬೆನ್ನಿಗೊಂದು ಗುದ್ದಿ ನಗುತ್ತಿದ್ದರು.

ಎಲ್ಲರ ಊಟ ಮುಗಿದ ಮೇಲೆ ಒಲೆಯ ಮುಂದೆ ನಮ್ಮದು. ಆಮೇಲೆ ಒಂದೇ ಚಾಪೆಯ ಮೇಲೆ ಎರಡು ಹಾಸಿಗೆ. ಅವರಿಗೆ ನಿದ್ದೆ ಬರುವ ತನಕ ಮಾತು ಬೇಕು. ತೋಟದಲ್ಲಿ ಹಣ್ಣು ಕೊಯ್ಯುವಾಗ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಂಡ ಸಂಸಾರದ ಕತೆಗಳು, ಮೇಸ್ತ್ರಿಯ ಕಣ್ಣು ತಪ್ಪಿಸಿ ಬೀಡಿ ಸೇದಿದ್ದು, ಗಂಡ ಮರಗಸಿಗೆ, ನೆರಳಿನ ಮರದ ಕೊಂಬೆ ಕಡಿಯಲು, ಹತ್ತಿದವನು ಬಿದ್ದದ್ದು… ಅದನ್ನು ಹೇಳುವಾಗ ಮಾತ್ರ ಆ ಕಡೆ ತಿರುಗಿಕೊಳ್ಳುತ್ತಿದ್ದರು. ನನ್ನ ಮದುವೆಯ ವಿಷಯ ಅವರಾಗಿ ಕೇಳಲಿಲ್ಲ. ನಾನೇ ಒಂದು ಶನಿವಾರ ಹೇಳಿದೆ. ಹೇಳಿ ಮುಗಿಸಿದ ಮೇಲೆ ಅವರು ನನಗೆ ಬುದ್ಧಿಯನ್ನೂ ಹೇಳಲಿಲ್ಲ, ಅಯ್ಯೋ ಪಾಪ ಎಂದೂ ಅನ್ನಲಿಲ್ಲ. ತಮ್ಮ ಹೊದಿಕೆಯ ಒಂದು ತುದಿಯನ್ನು ನನ್ನ ಕಾಲ ಮೇಲೆ ಎಳೆದರು. ನನ್ನದೇ ಹೊದಿಕೆ ನನ್ನ ಮೇಲೆ ಇತ್ತು, ಆದರೂ ಎಳೆದರು.

ಒಮ್ಮೆ ಅತಿಥಿಯೊಬ್ಬಳು ಒಳಗೆ ಇಣುಕಿ, ರೊಟ್ಟಿ ತುಂಬ ಚೆನ್ನಾಗಿದೆ ಆಂಟಿ, ಇವರು ನಿಮ್ಮ ಮಗಳಾ ಎಂದು ಕೇಳಿದಳು. ಓನರಮ್ಮ ಸಾರಿನ ಸೌಟು ಬಿಡದೆ ಹೂಂ ಎಂದುಬಿಟ್ಟರು. ಬಿಡಿಸಿ ಹೇಳುತ್ತಾ ಕೂರಲು ಪುರುಸೊತ್ತಿಲ್ಲದೆ ಹಾಗೆ ಅಂದಿರಬಹುದು. ನನಗೆ ಮಾತ್ರ ಆ ಹೂಂ ಇಡೀ ವಾರಕ್ಕೆ ಸಾಕಾಯಿತು. ಮುಂದಿನ ವಾರ ಅಳಿಯ ಫೋನಿನಲ್ಲಿ ಯಾರೋ ಬರೆದದ್ದನ್ನು ಓದಿ ಹೇಳಿದನಂತೆ, ಆಂಟಿ ಮತ್ತು ಅವರ ಮಗಳು ಬಹಳ ಪ್ರೀತಿಯಿಂದ ನೋಡಿಕೊಂಡರು ಅಂತ. ಆಲ್ದೂರಿನ ಮಗಳು, ಹಾಗಾದರೆ ನಾನು ಯಾರು ಎಂದು ನಗುತ್ತಾ ಕೇಳಿದಳಂತೆ. ಒಳ್ಳೆಯ ಹೆಂಗಸು, ಅದರಲ್ಲಿ ಕೊಂಕಿರಲಿಲ್ಲ.

ಭಾನುವಾರ ಕಾರುಗಳು ಇಳಿದುಹೋದ ಮೇಲೆ ಮನೆ ನಮ್ಮಿಬ್ಬರದೇ. ಉಳಿದ ರೊಟ್ಟಿಯನ್ನು ಕೆಂಡದ ಮೇಲೆ ಬಿಸಿ ಮಾಡಿ ಹಿತ್ತಲ ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತಾ ತಿನ್ನುತ್ತಿದ್ದೆವು. ಆಮೇಲೆ ಹಾಸಿಗೆ ಬಟ್ಟೆಗಳ ರಾಶಿ ಒಗೆದು, ಮಲ್ಲಿಗೆ ಪರಿಮಳದ ನೀರಲ್ಲಿ ಅದ್ದಿ, ಒಂದೊಂದು ತುದಿ ಒಬ್ಬೊಬ್ಬರು ಹಿಡಿದು ಹಿಂಡಿ, ಬಿಸಿಲಿಲ್ಲದಿದ್ದರೆ ಒಲೆಯ ಮೇಲಿನ ಹಗ್ಗಕ್ಕೆ ಹರವುತ್ತಿದ್ದೆವು. ಸಂಜೆ ಟ್ರಂಕಿನ ಕಿವಿ ಹಿಡಿದು ಮುಂದಕ್ಕೆ ಸಾಗಿಸುವಾಗ, ಅವರಿಗೆ ಹೇಗಿತ್ತೋ, ನಾನಂತೂ ಬೇಕೆಂದೇ ನಿಧಾನ ಹೆಜ್ಜೆ ಹಾಕುತ್ತಿದ್ದೆ. ಕೋಣೆಗೆ ಬಂದು ದೇವರ ಪಟವನ್ನು ಮೊಳೆಗೆ ಹಾಕಿದರೆ, ಹೊರಗಿನಿಂದ ಮತ್ತೆ ಅದೇ ದನಿ, ಸಿಸ್ಟರಮ್ಮ, ನೀರು ಬೇಕಾದ್ರೆ ಹೇಳಿ.

ಶನಿವಾರ ಬರಲಿ ಎಂದು ನಾನು ಕಾಯುತ್ತೇನೆ ಎಂಬುದನ್ನು ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ಹೇಗೆ ಹೇಳುವುದು? ಬಾಡಿಗೆಗೆ ಇದ್ದವಳು ತನ್ನನ್ನು ಕೋಣೆಯಿಂದ ಹೊರಗೆ ಹಾಕುವ ದಿನವೇ ಇಷ್ಟ ಎಂದರೆ ಯಾರಾದರೂ ನಂಬುತ್ತಾರೆಯೇ. ಅದಲ್ಲದೆ ನಾನು ಗೊಣಗುವ ಜಾತಿಯವಳು. ಟ್ರಂಕು ಎತ್ತುವಾಗಲೆಲ್ಲ, ಈ ಬೆಂಗಳೂರಿನವರಿಗೆ ಅವರ ಊರಲ್ಲಿ ಮನೆ ಇಲ್ಲವಾ ಎಂದು ಬೈಯುತ್ತಲೇ ಎತ್ತುತ್ತಿದ್ದೆ. ಮನಸ್ಸಿನಲ್ಲಿ ಹಿಗ್ಗು, ಬಾಯಲ್ಲಿ ಬೈಗುಳ. ಅವರು ಬಾಯಿಯದ್ದನ್ನೇ ಕೇಳಿಸಿಕೊಂಡರು.

ಮೂರನೇ ವರ್ಷವಿರಬೇಕು, ಟ್ರಂಕು ಎತ್ತುವಾಗ ನನ್ನ ಸೊಂಟ ಹಿಡಿದುಕೊಂಡಿತು. ದೊಡ್ಡದೇನಲ್ಲ, ಕೆಲವು ದಿನ ಬಗ್ಗಲು ಆಗಲಿಲ್ಲ ಅಷ್ಟೆ. ಓನರಮ್ಮ ಅದನ್ನು ದೊಡ್ಡದು ಮಾಡಿಕೊಂಡರು. ದಿನಾ ಬಿಸಿನೀರಿನ ಪಾತ್ರೆ ತಂದು ಹೊಸ್ತಿಲಲ್ಲಿಟ್ಟು, ನನ್ನಿಂದ ಹಿಂಗಾಯ್ತು ಎಂದು ಕೈ ಹಿಸುಕಿಕೊಳ್ಳುತ್ತಿದ್ದರು. ಆ ಬೇಸಿಗೆಯಲ್ಲಿ ಮನೆಯ ಪಕ್ಕ ಸಿಮೆಂಟ್ ಇಟ್ಟಿಗೆ ಬಂದು ಬಿತ್ತು. ಏನಕ್ಕೆ ಎಂದರೆ ಸೌದೆ ಇಡಲು ಎಂದರು. ಸೌದೆಗೆ ಕಿಟಕಿ ಯಾಕೆ ಎಂದು ಕೇಳಿದೆ, ಸೌದೆಗೂ ಗಾಳಿ ಬೇಡವಾ ಎಂದರು. ಸೌದೆಗೆ ಬಚ್ಚಲೂ ಬಂದಾಗ ನನಗೆ ಅನುಮಾನ ಶುರುವಾಯಿತು. ಆದರೆ ಎರಡು ಕೋಣೆ ಮೂರಾದರೆ ಅತಿಥಿಗಳು ಹೆಚ್ಚಾಗುತ್ತಾರೆ ಎಂಬ ಅಳಿಯನ ಯೋಚನೆ ಇರಬೇಕು ಎಂದುಕೊಂಡೆ.

ಕೆಲಸ ಮುಗಿದ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಹೋಗಿ ಬಾಗಿಲು ತೆಗೆದರು. ಒಳಗೆ ಸುಣ್ಣದ ವಾಸನೆ. ಒಂದು ಕಟ್ಟೆ, ಕಟ್ಟೆಯ ಮೇಲೆ ನನ್ನ ಗ್ಯಾಸ್ ಒಲೆ. ನಾನು ಸ್ನಾನಕ್ಕೆ ಹೋಗಿದ್ದಾಗ ಮಗಳ ಕೈಲಿ ಸಾಗಿಸಿಬಿಟ್ಟಿದ್ದರು. ಹೊಸ ಪಾತ್ರೆಯಲ್ಲಿ ಹಾಲು. ಮಗಳು ಅಳಿಯ ಆಲ್ದೂರಿನಿಂದ ಬಂದಿದ್ದರು. ಹಾಲು ನನ್ನ ಕೈಯಲ್ಲೇ ಉಕ್ಕಿಸಿದರು.

“ಇನ್ನು ಮೇಲೆ ಈ ಹೊರೋದು ಇಳಿಸೋದು ಎಂಥದೂ ಇಲ್ಲ ಸಿಸ್ಟರಮ್ಮ. ಬಾಗ್ಲು ಹಾಕ್ಕೊಂಡು ಮಲ್ಕೊಳಿ. ಯಾರೂ ನಿಮ್ಮನ್ನ ಎಬ್ಬಿಸಲ್ಲ, ನಾನೂ ಎಬ್ಬಿಸಲ್ಲ. ಇದು ನನ್ನ ಮಾತು.”

ಅವರ ಮುಖ ಹೊಳೆಯುತ್ತಿತ್ತು. ಹುಟ್ಟಿದಾಗಿನಿಂದ ತೋಟದ ಕೂಲಿಗಳಿಗೆಂದು ಇನ್ನೊಬ್ಬರು ಕೊಟ್ಟ ಲೈನ್ ಮನೆಯಲ್ಲಿ ಬೆಳೆದ ಹೆಂಗಸು, ಇನ್ನೊಬ್ಬ ಹೆಂಗಸಿಗೆ ಯಾರೂ ಖಾಲಿ ಮಾಡಿಸದ ಒಂದು ಕೋಣೆ ಕಟ್ಟಿಸಿಕೊಟ್ಟಿದ್ದರು. ಅದಕ್ಕಿಂತ ದೊಡ್ಡದು ಏನಿದೆ ಅವರ ಲೆಕ್ಕದಲ್ಲಿ. ಬೇಡ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ತುಂಬ ಚೆನ್ನಾಗಿದೆ ಎಂದೆ. ಕಣ್ಣಲ್ಲಿ ನೀರು ಬಂತು, ಸಂತೋಷಕ್ಕೆ ಎಂದು ಅವರು ತಿಳಿದುಕೊಂಡು ಮಗಳಿಗೆ ತೋರಿಸಿದರು.

ಮರುದಿನ ಶನಿವಾರ. ಮಧ್ಯಾಹ್ನ ಬಂದು, ಕೈ ಕಾಲು ತೊಳೆದು, ಒಲೆ ಕೋಣೆಗೆ ಹೋದೆ. ತೋಟದ ಲೈನಿನ ಹೆಂಗಸೊಬ್ಬರು ಕೂತು ಈರುಳ್ಳಿ ಹೆಚ್ಚುತ್ತಿದ್ದರು. ವಾರಕ್ಕೆರಡು ದಿನ ಕೆಲಸಕ್ಕೆ ಗೊತ್ತು ಮಾಡಿದ್ದರಂತೆ. ನಾನು ಹಿಟ್ಟಿಗೆ ಕೈ ಹಾಕಲು ಹೋದರೆ ಓನರಮ್ಮ ಪಾತ್ರೆಯನ್ನೇ ಎಳೆದುಕೊಂಡರು. ಇಷ್ಟು ದಿನ ಜಾಗ ಇಲ್ಲದೆ ನಿಮ್ಮನ್ನು ಹೊಗೆಯಲ್ಲಿ ಕೂರಿಸಿದ್ದೇ ಸಾಕು, ಬಾಡಿಗೆ ಕೊಡುವವರ ಕೈಲಿ ರೊಟ್ಟಿ ತಟ್ಟಿಸಿದರೆ ನಾಲ್ಕು ಜನ ಏನಂದಾರು, ಹೋಗಿ ಆರಾಮ ಮಾಡಿ ಎಂದರು. ಸಂಜೆ ತಟ್ಟೆಯಲ್ಲಿ ರೊಟ್ಟಿ, ಸಾರು ಹಾಕಿ, ಮೇಲೆ ಇನ್ನೊಂದು ತಟ್ಟೆ ಮುಚ್ಚಿ ತಂದು, ಬಾಗಿಲ ಹೊರಗೆ ನಿಂತು ಕೊಟ್ಟು ಹೋದರು. ಮುಂದಿನ ಕೋಣೆಯವರಿಗೂ ಹಾಗೇ ಮುಚ್ಚಿ ಕೊಡುತ್ತಿದ್ದರು.

ಇನ್ನೂ ಎರಡು ಮೂರು ಶನಿವಾರ ಏನಾದರೊಂದು ನೆಪ ಮಾಡಿ ಹೋದೆ. ಉಪ್ಪು ಮುಗಿದಿದೆ, ಬೆಂಕಿಪೊಟ್ಟಣ ಇಲ್ಲ… ಅವರು ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟು ಕಳಿಸುತ್ತಿದ್ದರು. ಕೂರು ಎನ್ನಲಿಲ್ಲ. ನನಗೆ ವಿಶ್ರಾಂತಿ ಕೊಡುವ ಹಟ ಅವರಿಗೆ ಹಿಡಿದಿತ್ತು, ಕೇಳಿಕೊಂಡು ಹೋಗಲಾರದ ಬಿಗುಮಾನ ನನಗಿತ್ತು. ಕಡೆಗೆ ನಾನು ಹೋಗುವುದನ್ನೇ ಬಿಟ್ಟೆ. ಶನಿವಾರವೂ ಉಳಿದ ದಿನಗಳ ಹಾಗೇ ಆಯಿತು. ಉಳಿದ ದಿನಗಳಿಗಿಂತ ಕಷ್ಟವೇ ಆಯಿತು, ಯಾಕೆಂದರೆ ಆ ದಿನ ಒಲೆ ಕೋಣೆಯಿಂದ ಮಾತು, ಪಾತ್ರೆಯ ಸದ್ದು, ಒಗ್ಗರಣೆಯ ಘಾಟು ಎಲ್ಲ ಗೋಡೆ ದಾಟಿ ಬರುತ್ತಿತ್ತು. ಹೊಸ ಕೋಣೆಯಲ್ಲಿ ಚಿಲಕವಿತ್ತು, ಬಚ್ಚಲಿತ್ತು, ನನ್ನ ಕ್ಯಾಲೆಂಡರು ವಾರವಿಡೀ ಮೊಳೆಯ ಮೇಲೇ ಇರುತ್ತಿತ್ತು. ಅಷ್ಟು ಒಂಟಿಯಾಗಿ ನಾನು ಅಣ್ಣನ ಮನೆಯಲ್ಲೂ ಇರಲಿಲ್ಲ.

ಹೀಗೆ ಒಂದು ವರ್ಷ ಕಳೆದಿರಬೇಕು. ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಮುಂದಿನ ಕೋಣೆಯ ಹುಡುಗಿ, ಕಿವಿಗೆ ಟೋಪಿ ಎಳೆದುಕೊಂಡು, ಕೈಯಲ್ಲಿ ಖಾಲಿ ಬಕೆಟ್ ಹಿಡಿದು ನಿಂತಿದ್ದಳು. ಆಂಟಿ ಬಾಗಿಲು ತೆಗೀತಿಲ್ಲ, ಬಿಸಿನೀರು ಬೇಕಿತ್ತು ಎಂದಳು. ಒಲೆ ಕೋಣೆಯ ಚಿಲಕ ಹಳೆಯದು, ಬಲವಾಗಿ ತಳ್ಳಿದರೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಒಳಗೆ ಒಲೆ ಹೊತ್ತಿರಲಿಲ್ಲ. ಆ ಹೊತ್ತಿಗೆ ಅದು ಹೊತ್ತಿರದ ಭಾನುವಾರವನ್ನು ನಾನು ನೋಡಿಯೇ ಇರಲಿಲ್ಲ. ಅವರು ಚಾಪೆಯ ಮೇಲೆ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕೈ ಹಿಡಿದು ನೋಡಿದೆ… ನೋಡುವುದು ನನ್ನ ಕೆಲಸವಲ್ಲವೇ, ನೋಡಿದೆ. ತಣ್ಣಗಿತ್ತು.

ಆ ಹುಡುಗಿ ಬಕೆಟ್ ಕೆಳಗಿಟ್ಟು ಅಳತೊಡಗಿದಳು. ಅವಳಿಗೆ ಅವರು ಒಂದೇ ದಿನದ ಪರಿಚಯ. ನಾನು ಅಳಲಿಲ್ಲ. ಅಳಿಯನಿಗೆ ಫೋನ್ ಮಾಡಿದೆ, ಬಂದವರನ್ನು ಸಮಾಧಾನ ಮಾಡಿ ಕಳಿಸಿದೆ, ಮನೆಗೆ ಬೇಕಾದ ಜನರನ್ನು ಕರೆಸಿದೆ. ಹೊರಡುವ ಕಾರಿನವರು ಹಾಸಿಗೆ ಬಟ್ಟೆಗಳನ್ನು ತಾವೇ ಮಡಚಿಟ್ಟು ಹೋಗಿದ್ದರು. ಎದೆಯ ತೊಂದರೆ ಎಂದು ಡಾಕ್ಟರು ಹೇಳಿದರು. ನನಗೂ ಹಾಗೇ ಅನ್ನಿಸಿತ್ತು.

ಕಾರ್ಯಗಳೆಲ್ಲ ಮುಗಿದ ದಿನ ಮಗಳು ನನ್ನ ಕೋಣೆಗೆ ಬಂದು ಕೂತಳು. ತಾಯಿಯ ಹಾಗೆ ಹೊಸ್ತಿಲಲ್ಲಿ ನಿಲ್ಲಲಿಲ್ಲ, ಒಳಗೆ ಬಂದು ನನ್ನ ಪಕ್ಕ ನೆಲದ ಮೇಲೇ ಕೂತಳು. ಹೇಳಬೇಕೋ ಬೇಡವೋ ಎಂದು ಸೆರಗಿನ ತುದಿ ತಿರುಚುತ್ತಾ ಹೇಳಿದಳು. ಆ ಶನಿವಾರ ರಾತ್ರಿ ಅಮ್ಮ ಫೋನ್ ಮಾಡಿದ್ದರಂತೆ. ಎದೆ ಹಿಡಿದ ಹಾಗಾಗುತ್ತಿದೆ, ಖಾರ ಜಾಸ್ತಿ ತಿಂದೆನೇನೋ ಎಂದರಂತೆ. ಪಕ್ಕದಲ್ಲೇ ಸಿಸ್ಟರ್ ಇದ್ದಾರಲ್ಲ, ಕರಿ ಎಂದು ಇವಳು ಎರಡೆರಡು ಸಲ ಹೇಳಿದಳಂತೆ.

“ಅದಕ್ಕೆ ಅಮ್ಮ ಎಂಥ ಹೇಳಿದ್ರು ಗೊತ್ತುಂಟಾ? ಪಾಪ, ಆ ಹುಡುಗಿ ವಾರ ಎಲ್ಲ ದುಡಿದಿರ್ತದೆ, ಮಲಗ್ಲಿ. ಎಬ್ಬಿಸಲ್ಲ ಅಂತ ಮಾತು ಕೊಟ್ಟಿದ್ದೀನಿ ಅಂದ್ರು.”

ನಾನು ಮಲಗಿರಲಿಲ್ಲ. ಆ ರಾತ್ರಿ ಮುಚ್ಚಿದ ತಟ್ಟೆಯನ್ನು ಹಾಗೇ ಮುಂದಿಟ್ಟುಕೊಂಡು, ಗೋಡೆಯಾಚೆಯ ಪಾತ್ರೆಯ ಸದ್ದನ್ನೇ ಕೇಳುತ್ತಾ ಕೂತಿದ್ದೆ. ಯಾವತ್ತಿನ ಹಾಗೆ, ಇವತ್ತಾದರೂ ಕರೆದಾರೇನೋ ಎಂದು ಕಾಯುತ್ತಿದ್ದೆ. ಆದರೆ ಅದನ್ನು ಆ ಮಗಳಿಗೆ ಹೇಳಿ ಏನು ಮಾಡಲಿ? ಅವಳ ಕೈ ಹಿಡಿದುಕೊಂಡು ಕೂತೆ. ಕರೆದಿದ್ದರೆ ಉಳಿಯುತ್ತಿದ್ದರು ಎಂದು ನಾನು ಹೇಳಲಾರೆ. ಬೆಟ್ಟ ಇಳಿದು ಆಸ್ಪತ್ರೆ ಸೇರುವ ರಸ್ತೆ, ಶನಿವಾರದ ಕಾರುಗಳ ಸಾಲು, ಎಲ್ಲ ನನಗೆ ಗೊತ್ತು. ಬದುಕುತ್ತಿದ್ದರೋ ಇಲ್ಲವೋ, ಒಬ್ಬರೇ ಇರುತ್ತಿರಲಿಲ್ಲ. ಹಳೆಯ ಶನಿವಾರಗಳಲ್ಲಿ ಅವರು ಮಗ್ಗಲು ಬದಲಿಸಿದರೂ ನನಗೆ ಎಚ್ಚರವಾಗುತ್ತಿತ್ತು.

ಮಗಳೂ ಅಳಿಯನೂ ನನ್ನನ್ನು ಹೋಗು ಎನ್ನಲಿಲ್ಲ. ಎಷ್ಟು ದಿನ ಬೇಕಾದರೂ ಇರಿ, ಅದು ಅಮ್ಮ ನಿಮಗೇ ಕಟ್ಟಿಸಿದ ಕೋಣೆ ಎಂದರು. ಕೆಲವು ತಿಂಗಳು ಇದ್ದೆ. ಆಮೇಲೆ ವಸ್ತಾರೆ ಕಡೆಗೆ ವರ್ಗ ಕೇಳಿ ಪಡೆದುಕೊಂಡೆ. ಈಗ ಅಲ್ಲೇ ಇದ್ದೇನೆ, ಎರಡು ಕೋಣೆಯ ಮನೆ. ಮಾಲೀಕರು ಕಣ್ಣಿಗೇ ಬೀಳುವುದಿಲ್ಲ, ಬಾಡಿಗೆ ಫೋನಿನಲ್ಲೇ ಕಳಿಸುತ್ತೇನೆ. ಎಂಥ ಅದೃಷ್ಟವಂತೆ ನೀನು, ಒಳ್ಳೆ ಓನರ್ ಸಿಕ್ಕಿದ್ದಾರೆ ಎಂದು ಜೊತೆಯವರು ಹೇಳುತ್ತಾರೆ.

ಮೂಡಿಗೆರೆಯಿಂದ ಬಂದ ಮೇಲೆ ತಡೆಯಲಾಗದೆ ಒಂದು ದಿನ ಬಸ್ಸು ಹತ್ತಿ ಅತ್ತಿಗುಂಡಿಗೆ ಹೋದೆ. ಮನೆಯನ್ನು ಈಗ ಯಾರೋ ನಡೆಸಲು ತೆಗೆದುಕೊಂಡಿದ್ದಾರೆ. ಬೇರೆ ಬಣ್ಣ, ಬೇರೆ ಬೋರ್ಡು. ಒಲೆ ಕೋಣೆಯನ್ನು ಕೆಡವಿ ಅಲ್ಲಿ ಬೆಂಕಿ ಹಾಕಿಕೊಂಡು ಕೂರಲು ಸುತ್ತ ಕಲ್ಲುಬೆಂಚು ಹಾಕಿದ್ದಾರೆ. ನಾನು ನೋಡುತ್ತಾ ನಿಂತದ್ದನ್ನು ಕಂಡು ಒಳಗಿನಿಂದ ಹೆಂಗಸೊಬ್ಬರು ಬಂದರು. ರೂಮ್ ಬೇಕಾ ಮೇಡಮ್, ಎಷ್ಟು ಜನ ಇದ್ದೀರಿ ಎಂದು ಕೇಳಿದರು.

ಒಬ್ಬಳೇ ಎಂದೆ.

ಅವರಿಗೆ ಮುಜುಗರವಾಯಿತು. ಒಬ್ಬರೇ ಬಂದ ಹೆಂಗಸರಿಗೆ ಕೊಡಬೇಡಿ ಅಂತ ಹೇಳಿದ್ದಾರೆ ಮೇಡಮ್, ತಪ್ಪು ತಿಳೀಬೇಡಿ ಎಂದರು. ಇಲ್ಲ, ನನಗೆ ರೂಮು ಬೇಕಿರಲಿಲ್ಲ, ಸುಮ್ಮನೆ ನೋಡಲು ಬಂದೆ ಎಂದು ಹೇಳಿ ರಸ್ತೆಗೆ ಬಂದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಶನಿವಾರ, ಕಾರುಗಳು ಒಂದರ ಹಿಂದೊಂದು ಬೆಟ್ಟ ಹತ್ತುತ್ತಿದ್ದವು. ಎಲ್ಲ ಮನೆಗಳ ಮುಂದೆಯೂ ಯಾರೋ ನಿಂತು, ಬನ್ನಿ ಬನ್ನಿ, ರೂಮ್ ಉಂಟು ಎಂದು ಕೈಬೀಸಿ ಕರೆಯುತ್ತಿದ್ದರು. ಹಾಸಿಗೆ ಸುತ್ತಿಕೊಂಡು ಹಿಂದೆ ಬಾ ಮಾರಾಯ್ತಿ ಎಂದು ನನ್ನನ್ನು ಕರೆಯುವವರು ಇನ್ನು ಯಾವ ಊರಲ್ಲೂ ಇಲ್ಲ.